ಸದ್ದು ಯಾರದು, ಬಿರುದು ಯಾರದು?

ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಲಿನ ಶಾಸನಪಾಠಗಳನ್ನು ಓದುತ್ತ ಹೋದರೆ ಒಂದು ಬಿರುದು ಮತ್ತೆ ಮತ್ತೆ ಸಿಗುತ್ತದೆ. ಎಷ್ಟು ಸಲ ಸಿಗುತ್ತದೆಂದರೆ, ಕೆಲವು ದಿನ ಕಳೆದ ಮೇಲೆ ಕಣ್ಣು ಅದನ್ನು ಓದದೆಯೇ ದಾಟಿಬಿಡುತ್ತದೆ. ‘ಸಮಧಿಗತ ಪಂಚಮಹಾಶಬ್ದ’ ಎಂಬುದು ಆ ಬಿರುದು. ಐದು ಮಹಾಶಬ್ದಗಳನ್ನು ಪಡೆದವನು ಎಂದು ಅರ್ಥ. ಅದರ ಬೆನ್ನಿಗೇ ‘ಮಹಾಮಂಡಲೇಶ್ವರ’ ಎಂಬ ಪದವಿ ಬರುತ್ತದೆ. ಆಮೇಲೆ ವಂಶ, ಧ್ವಜ, ಲಾಂಛನಗಳ ಸರಣಿ. ಕಲ್ಯಾಣದ ಚಾಲುಕ್ಯರ ಕೈಕೆಳಗೆ ನಮ್ಮ ಸೀಮೆಯನ್ನು ಆಳಿದ ಎರಂಬರಗೆಯ ಸಿಂದರೂ ಈ ಬಿರುದನ್ನು ಧರಿಸಿದವರೇ. ಕಿಸುಕಾಡು ಎಪ್ಪತ್ತು, ಬಾಗಡಗೆ ಎಪ್ಪತ್ತು, ಕೆಲವಡಿ ಮುನ್ನೂರು ಅವರ ಆಳ್ವಿಕೆಯ ನಾಡುಗಳು. ಕಿಸುಕಾಡೆಂದರೆ ಪಟ್ಟದಕಲ್ಲಿನ ಸುತ್ತಲಿನ ನೆಲ, ಬಾಗಡಗೆಯೆಂದರೆ ಇಂದಿನ ಬಾಗಲಕೋಟೆ. ಈಗ ಹನಿ ನೀರಾವರಿ ಯೋಜನೆಯಿಂದ ಹೆಸರಾಗಿರುವ ಹುನಗುಂದ ತಾಲ್ಲೂಕಿನ ರಾಮಥಾಳದಂಥ ಊರುಗಳಿಗೆ ಈ ನಾಡುಗಳು ಮಗ್ಗುಲಲ್ಲೇ ಇದ್ದವು.

ಆ ಐದು ಶಬ್ದಗಳು ಯಾವುವು? ವಿದ್ವಾಂಸರಲ್ಲಿ ಎರಡು ಮಾತುಗಳಿವೆ. ಕಲ್ಹಣನ ‘ರಾಜತರಂಗಿಣಿ’ಯ ಕಾಶ್ಮೀರದಲ್ಲಿ ಅದು ‘ಮಹಾ’ ಎಂಬ ಮಾತಿನಿಂದ ಶುರುವಾಗುವ ಐದು ಅಧಿಕಾರಪದವಿಗಳ ಹೆಸರು. ಕನ್ನಡ ನಾಡಿನಲ್ಲಿ ಹಾಗಲ್ಲ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಅವುಗಳನ್ನು ವಾದ್ಯಗಳೆಂದೇ ಪಟ್ಟಿಮಾಡುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ಶಾಸನಗಳ ಮೇಲೆ ಕೆಲಸ ಮಾಡಿದ ಫ್ಲೀಟ್ ಈ ಬಿರುದನ್ನು ವಿವರಿಸುವಾಗ ಆ ಪಟ್ಟಿಯನ್ನು ಮುಂದಿಟ್ಟ. ಚಕ್ರವರ್ತಿಯ ಅನುಮತಿಯಿಂದ, ತಾನು ಹೊರಟಾಗ ಈ ಐದೂ ವಾದ್ಯಗಳನ್ನು ಮುಂದೆ ನುಡಿಸಿಕೊಂಡು ಹೋಗುವ ಹಕ್ಕು ಪಡೆದವನು ಎಂಬುದು ಬಿರುದಿನ ತಿರುಳು. ಅನುಮತಿಯಿಲ್ಲದವನು ಎಷ್ಟೇ ಸಿರಿವಂತನಾದರೂ ಹಾಗೆ ಸದ್ದು ಮಾಡಿಕೊಂಡು ಬೀದಿಯಲ್ಲಿ ಹೋಗುವಂತಿರಲಿಲ್ಲ.

ಪಟ್ಟಿಯ ಎರಡನೆಯ ಹೆಸರನ್ನು ಇನ್ನೊಮ್ಮೆ ಓದಬೇಕು. ತಮ್ಮಟ. ಹಳೆ ಮೈಸೂರಿನ ಕಡೆ ಅದು ತಮಟೆ, ತಪ್ಪಟೆ. ನಮ್ಮ ಕಡೆ ಹಲಗಿ. ಊರ ಹೊರಗಿನ ಕೇರಿಯಲ್ಲಿ ಇರಬೇಕಾದವರು, ಗುಡಿಯ ಕಟ್ಟೆ ಹತ್ತುವಂತಿರದವರು, ಹೆಣದ ಮುಂದೆ ಮತ್ತು ದೇವರ ಮುಂದೆ ಬಾರಿಸಬೇಕಾಗಿದ್ದ ಚರ್ಮದ ವಾದ್ಯ. ಅದು ಐದು ಮಹಾಶಬ್ದಗಳಲ್ಲಿ ಒಂದು. ಶಬ್ದ ಮಹತ್ತಾದದ್ದು, ಆದರೆ ಅದನ್ನು ‘ಪಡೆದವನು’ ಬಾರಿಸುವವನಲ್ಲ. ಹಿಂದೆ ಆನೆಯ ಮೇಲೆ ಕುಳಿತು ಬರುವವನು. ಶಾಸನಗಳಲ್ಲಿ ತಮ್ಮಟ ಬಾರಿಸಿದವನ ಹೆಸರನ್ನು ಹುಡುಕುವುದು ಕಷ್ಟದ ಕೆಲಸ. ಬಿರುದು ಮಾತ್ರ ಸಾಲುಸಾಲಾಗಿ ಇದೆ.

ಕೊನೆಯ ಹೆಸರು ಜಯಘಂಟೆ. ನಮ್ಮ ಕಡೆಯ ಲಿಂಗಾಯತ ಮೆರವಣಿಗೆಗಳಲ್ಲಿ ಚಲವಾದಿಯೆಂಬಾತ ಗಂಟೆ-ಬಟ್ಟಲು ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ. ಥರ್ಸ್ಟನ್ ತನ್ನ 1909ರ ಜಾತಿಕೋಶದಲ್ಲಿ ಈ ಚಲವಾದಿಯನ್ನು ದಾಖಲಿಸಿದ್ದಾನೆ. ಆತ ಹೊಲೆಯ ಸಮುದಾಯದವನು. ಮೆರವಣಿಗೆಯ ಲೆಕ್ಕದಲ್ಲಿ ಮೊದಲಿಗ, ಊಟದ ಪಂಕ್ತಿಯ ಲೆಕ್ಕದಲ್ಲಿ ಪಂಕ್ತಿಗೇ ಸೇರದವನು.

ಮೆರವಣಿಗೆಯ ವಾದ್ಯಗಳ ಚರಿತ್ರೆಯನ್ನು ಸಂಗೀತದ ಚರಿತ್ರೆಯೊಳಗೆ ಇಟ್ಟು ನೋಡುವುದು ಸಾಲದು ಎಂದು ನನಗನಿಸುವುದು ಇದಕ್ಕೇ. ಬಾದಾಮಿಯ ಮೊದಲನೆಯ ಗುಹೆಯ ಹದಿನೆಂಟು ತೋಳಿನ ನಟರಾಜನ ಪಕ್ಕದಲ್ಲಿ ಒಬ್ಬ ವಾದ್ಯಗಾರನಿದ್ದಾನೆ. ಅವನು ಕೂತಿದ್ದಾನೆ. ಕೂತು ನುಡಿಸುವವರಿಗೆ ನಮ್ಮಲ್ಲಿ ಶಾಸ್ತ್ರವಿದೆ, ಘರಾಣೆಯಿದೆ, ಗುರುಪರಂಪರೆಯಿದೆ, ಸಂಗೀತದ ಇತಿಹಾಸದ ಪುಸ್ತಕಗಳಲ್ಲಿ ಅಧ್ಯಾಯಗಳಿವೆ. ನಡೆದು ನುಡಿಸುವವರಿಗೆ ಇರುವುದು ಬಹುಮಟ್ಟಿಗೆ ಜಾತಿ.

ದಂಡಿನ ವಾದ್ಯ ಬೇರೆಯೇ, ಅದು ವೀರರದ್ದು ಎಂದು ಹೇಳುವವರಿದ್ದಾರೆ. ನೋಡೋಣ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ಹೋದಾಗಿನ ವೃತ್ತಾಂತವನ್ನು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಕಾಳಗದ ದಿನ ಬೆಳಕು ಹರಿಯುತ್ತಲೇ ರಾಯನ ಪಾಳೆಯದಲ್ಲಿ ನಗಾರಿ, ಕಹಳೆಗಳು ಮೊಳಗಿದ್ದು, ಜನರ ಕೂಗು ಸೇರಿ ಆಕಾಶವೇ ಕಳಚಿ ಬೀಳುವಂತಾದದ್ದು ಅವನ ಬರಹದಲ್ಲಿದೆ. ಎದುರಿದ್ದ ಆದಿಲಶಾಹಿಗಳಿಗೂ ಇದೇ ಭಾಷೆ ಗೊತ್ತಿತ್ತು. ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ಮುಂದಿರುವ ವಸ್ತುಸಂಗ್ರಹಾಲಯವನ್ನು ನೋಡಿರುತ್ತಾರೆ. ಆ ಕಟ್ಟಡದ ನಿಜವಾದ ಹೆಸರು ನಗಾರಖಾನೆ. ಹೊತ್ತುಹೊತ್ತಿಗೆ ನಗಾರಿ ಬಾರಿಸಿ ಪ್ರಭುತ್ವ ಇಲ್ಲಿದೆ ಎಂದು ಊರಿಗೆ ತಿಳಿಸುವ ಜಾಗ. ಈಗ ಅಲ್ಲಿ ಶಿಲ್ಪ, ಶಾಸನಗಳನ್ನು ಇಟ್ಟಿದ್ದಾರೆ.

ನಗಾರಿ ಇಲ್ಲಿಗಷ್ಟೇ ಬಂದದ್ದಲ್ಲ. ಧರ್ಮಯುದ್ಧಗಳ ಕಾಲದಲ್ಲಿ ಅರಬರ ‘ನಕ್ಕಾರಾ’ ಯುರೋಪಿಗೂ ಹೋಗಿ ಇಂಗ್ಲಿಷಿನಲ್ಲಿ ‘ನೇಕರ್ಸ್’ ಆಯಿತು. ಆಮೇಲೆ ಹದಿನೆಂಟನೆಯ ಶತಮಾನದಲ್ಲಿ ಇನ್ನೊಂದು ಅಲೆ ಬಂತು. ಆಟೊಮನ್ ತುರ್ಕರ ಜಾನಿಸರಿ ಪಡೆಯ ಮುಂದೆ ನಡೆಯುತ್ತಿದ್ದ ‘ಮೆಹ್ತರ್’ ಮೇಳದ ದೊಡ್ಡ ಡೋಲು, ತಾಳ, ಗೆಜ್ಜೆಗೋಲುಗಳನ್ನು ಕಂಡು ಯುರೋಪಿನ ಅರಸರು ಮರುಳಾದರು. ತಮ್ಮ ತಮ್ಮ ಪಡೆಗಳಿಗೂ ಅಂಥದೇ ಬೇಕೆಂದರು. ಇಂದು ಜಗತ್ತಿನ ಯಾವ ಪೊಲೀಸ್ ಬ್ಯಾಂಡು, ಸೇನಾ ಬ್ಯಾಂಡು, ಶಾಲೆಯ ಬ್ಯಾಂಡು ನೋಡಿದರೂ ಕಾಣುವ ಬಾಸ್ ಡ್ರಮ್ಮು ಮತ್ತು ಝಾಂಜಿನ ಜೋಡಿ ಹಾಗೆ ಬಂದದ್ದು. ಮೊಜಾರ್ಟ್ 1782ರ ತನ್ನ ಸಂಗೀತನಾಟಕವೊಂದರಲ್ಲಿ ಈ ತುರ್ಕಿ ಸದ್ದನ್ನು ತಂದ. ಆಗಿನ ವಿಯೆನ್ನಾದ ಜನಕ್ಕೆ ಅದೊಂದು ಮೋಜು.

ಆದರೆ ಆ ಡೋಲುಗಳನ್ನು ಬಾರಿಸಲು ಯಾರನ್ನು ಇಟ್ಟುಕೊಂಡರು? ಬ್ರಿಟನ್ನಿನಲ್ಲಿ ಇದಕ್ಕೆ ಕಪ್ಪುಜನರನ್ನು ಹುಡುಕಿ ತರುವ ರೂಢಿ ಬೆಳೆಯಿತು. 29ನೆಯ ಕಾಲಾಳು ರೆಜಿಮೆಂಟಿನ ಕತೆ ಇದರಲ್ಲಿ ಚೆನ್ನಾಗಿ ದಾಖಲಾದದ್ದು. 1759ರಲ್ಲಿ ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪ ಬ್ರಿಟಿಷರ ಕೈಗೆ ಬಂದಾಗ ಅಡ್ಮಿರಲ್ ಬಾಸ್ಕವೆನ್ ಅಲ್ಲಿಂದ ಹತ್ತು ಮಂದಿ ಕಪ್ಪು ಹುಡುಗರನ್ನು ತಂದು, ಆ ರೆಜಿಮೆಂಟಿನ ಕರ್ನಲ್ ಆಗಿದ್ದ ತನ್ನ ತಮ್ಮನಿಗೆ ಉಡುಗೊರೆಯಾಗಿ ಕೊಟ್ಟ. ಹೌದು, ಉಡುಗೊರೆ. ಅವರು ರೆಜಿಮೆಂಟಿನ ಡ್ರಮ್ಮರುಗಳಾದರು. ಕಪ್ಪು ಡ್ರಮ್ಮರುಗಳ ಈ ಪರಂಪರೆ ಅಲ್ಲಿ 1843ರವರೆಗೂ ನಡೆಯಿತು. ಜರಿಯಂಗಿ, ಬಣ್ಣದ ಮುಂಡಾಸು, ಸಾಲಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗ. ನಮ್ಮ ಮೆರವಣಿಗೆಯ ಮುಂದಿನವರ ಹಾಗೆಯೇ.

ಇನ್ನೊಂದು ಸಂಗತಿಯಿದೆ. ಆ ಕಾಲದ ಬ್ರಿಟಿಷ್ ಸೈನ್ಯದಲ್ಲಿ ತಪ್ಪು ಮಾಡಿದ ಸಿಪಾಯಿಗೆ ಚಾವಟಿಯೇಟು ಹಾಕುವ ಕೆಲಸ ಡ್ರಮ್ಮರುಗಳದ್ದು. 1768ರಲ್ಲಿ ಈ ರೆಜಿಮೆಂಟು ಅಮೆರಿಕದ ಬಾಸ್ಟನ್ನಿಗೆ ಬಂದಿಳಿದಾಗ, ಕಪ್ಪು ಡ್ರಮ್ಮರುಗಳು ಬಿಳಿ ಸಿಪಾಯಿಗಳಿಗೆ ಬಯಲಲ್ಲಿ ಚಾವಟಿ ಬೀಸುವುದನ್ನು ಕಂಡು ಊರವರು ಬೆಚ್ಚಿದರು. ಇದನ್ನು ಓದಿದಾಗ ನನಗೆ ನಮ್ಮ ಹಳ್ಳಿಯ ಡಂಗುರ ನೆನಪಾಯಿತು. ಕಂದಾಯ ಕಟ್ಟಿ, ಜಾನುವಾರು ಕಟ್ಟಿಹಾಕಿ, ಬಿಟ್ಟಿ ಕೆಲಸಕ್ಕೆ ಬನ್ನಿ ಎಂದು ಹಲಗಿ ಬಾರಿಸಿ ಸಾರುವವನ ಬಾಯಲ್ಲಿ ಬರುವುದು ಗೌಡನ ಮಾತು, ಸರಕಾರದ ಮಾತು. ಜನರ ಬೈಗುಳ ಬೀಳುವುದು ಮಾತ್ರ ಸಾರಿದವನ ಮೇಲೆ. ಅಧಿಕಾರದ ಅತಿ ಕೊಳಕು ಕೆಲಸವನ್ನೂ ಅತಿ ಜೋರಾದ ಕೆಲಸವನ್ನೂ ಒಬ್ಬನ ಕೈಗೇ ಕೊಡುವುದು ಎರಡೂ ಕಡೆಯ ರೀತಿ.

ಬ್ರಿಟಿಷ್ ರೆಜಿಮೆಂಟುಗಳು ತಾವು ಗೆದ್ದ ಯುದ್ಧಗಳ ಹೆಸರುಗಳನ್ನು ಡ್ರಮ್ಮುಗಳ ಮೈಮೇಲೆ ಬಣ್ಣದಲ್ಲಿ ಬರೆಸುತ್ತವೆ. 1799ರ ‘ಸೆರಿಂಗಪಟಂ’ ಅಂಥ ಯುದ್ಧಗೌರವಗಳಲ್ಲಿ ಒಂದು. ನಮ್ಮ ಶ್ರೀರಂಗಪಟ್ಟಣ ಹೀಗೆ ಇಂಗ್ಲೆಂಡ್, ಸ್ಕಾಟ್ಲೆಂಡಿನ ರೆಜಿಮೆಂಟುಗಳ ಗೌರವಪಟ್ಟಿ ಸೇರಿತು. ಡ್ರಮ್ಮಿನ ಮೇಲೆ ಊರಿನ ಹೆಸರಿರುತ್ತದೆ, ರೆಜಿಮೆಂಟಿನ ಹೆಸರಿರುತ್ತದೆ. ಶಾಸನದ ರೀತಿಯೇ ಅಲ್ಲವೆ ಇದು?

ಬ್ರಿಟಿಷ್ ದಂಡು ನಮ್ಮ ಸೀಮೆಗೂ ಬಂತು. ಬಾಗಲಕೋಟೆ ಹತ್ತಿರದ ಕಲಾದಗಿಯಲ್ಲಿ ಅವರ ಕಂಟೋನ್ಮೆಂಟ್ ಇತ್ತು. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲು ಒಲ್ಲೆನೆಂದ ಹಲಗಲಿಯ ಬೇಡರ ಮೇಲೆ ದಂಡು ಹೊರಟದ್ದು ಇಲ್ಲಿಂದಲೇ. ಲಾವಣಿಯಿಂದಾಗಿ ಆ ಕತೆ ಶಾಲೆ ಕಲಿತ ಕನ್ನಡಿಗರಿಗೆಲ್ಲ ಗೊತ್ತು. ಕವಾಯತಿನ ನಡಿಗೆಯನ್ನು, ಅದಕ್ಕೆ ಬೇಕಾದ ಡ್ರಮ್ಮಿನ ಪೆಟ್ಟನ್ನು ಈ ಕಡೆಯ ಜನ ಕಂಡದ್ದು ಇಂಥ ದಂಡುಗಳಲ್ಲಿ.

ಕವಾಯತಿನ ಡ್ರಮ್ಮಿಗೂ ನಮ್ಮ ಹಲಗಿಗೂ ಇರುವ ವ್ಯತ್ಯಾಸ ಬರೀ ಆಕಾರದ್ದಲ್ಲ. ಸೈಡ್ ಡ್ರಮ್ಮಿಗೆ ಎರಡು ಮುಖ. ಕೆಳಗಿನ ಮುಖಕ್ಕೆ ಅಡ್ಡಲಾಗಿ ಬಿಗಿದ ತಂತಿಗಳು ಪ್ರತಿ ಪೆಟ್ಟಿಗೂ ಜರ್‍ರೆಂದು ನಡುಗುವುದರಿಂದ ಅದರ ದನಿ ಮಳೆಹನಿಯ ಹಾಗೆ ಚಿಕ್ಕದಾಗಿ, ಚೂಪಾಗಿ ಬೀಳುತ್ತದೆ. ಬಾಸ್ ಡ್ರಮ್ಮು ಕಾಲಿಗೆ ಲೆಕ್ಕ ಕೊಡುತ್ತದೆ. ನಿಮಿಷಕ್ಕೆ ಸುಮಾರು 120 ಹೆಜ್ಜೆ, ಎಂದರೆ ಅರ್ಧ ಸೆಕೆಂಡಿಗೊಂದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹಾಗಾಗಿ ಡ್ರಮ್ಮಿನಿಂದ 85 ಮೀಟರ್ ದೂರ ನಡೆಯುವವನಿಗೆ ಪೆಟ್ಟು ಕೇಳಿಸುವುದು ಕಾಲು ಸೆಕೆಂಡ್ ತಡವಾಗಿ, ಎಂದರೆ ಸರಿಯಾಗಿ ಅರ್ಧ ಹೆಜ್ಜೆ ತಡವಾಗಿ. ಮುಂದಿನವನ ಕಾಲು ನೆಲ ಮುಟ್ಟಿದಾಗ ಹಿಂದಿನವನ ಕಾಲು ಇನ್ನೂ ಗಾಳಿಯಲ್ಲಿ. ಉದ್ದನೆಯ ಸಾಲನ್ನು ದೂರದಿಂದ ನೋಡಿದರೆ ತಲೆಗಳು ಅಲೆಯಂತೆ ಏರಿಳಿಯುವುದು ಇದರಿಂದ. ಸಾವಿರ ಕಾಲುಗಳನ್ನು ಒಂದೇ ಕಾಲಾಗಿಸುವುದು ಈ ಡ್ರಮ್ಮಿನ ಕೆಲಸ. ಅದು ನಿಲ್ಲಗೊಡುವುದಿಲ್ಲ.

ಹಲಗಿಯದು ಬೇರೆ ದಾರಿ. ಒಂದೇ ಮುಖದ ಬಳೆಯಾಕಾರದ ವಾದ್ಯ. ಎಡತೋಳಿಗೆ ಒರಗಿಸಿ, ಎಡಗೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ, ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು ಹಿಡಿದು ಬಾರಿಸುತ್ತಾರೆ. ದಪ್ಪ ಕೋಲು ಮಾತಾಡುತ್ತದೆ, ತೆಳ್ಳನೆಯದು ಅದಕ್ಕೆ ಹೂಂಗುಟ್ಟುತ್ತದೆ. ಚರ್ಮ ತಂಪು ಹಿಡಿದು ಸಡಿಲವಾದಾಗ ಹುಲ್ಲಿಗೋ ಕಾಗದಕ್ಕೋ ಬೆಂಕಿ ಹಚ್ಚಿ ಕಾಯಿಸಬೇಕು. ಇದರೊಟ್ಟಿಗೆ ಬರುವ ಇನ್ನೊಂದು ಮೇಳ ಕರಡಿ ಮಜಲು. ಕುತ್ತಿಗೆಗೆ ತೂಗುಹಾಕಿದ ಕರಡಿವಾದ್ಯ, ಶಹನಾಯಿ, ತಾಳಗಳ ಮೇಳ ಅದು. ಹದಿಮೂರನೆಯ ಶತಮಾನದಲ್ಲಿ, ಸೇವುಣರ ದೇವಗಿರಿಯಲ್ಲಿದ್ದ ಶಾರ್ಙ್ಗದೇವ ‘ಸಂಗೀತರತ್ನಾಕರ’ದ ವಾದ್ಯಾಧ್ಯಾಯದಲ್ಲಿ ಹೇಳುವ ‘ಕರಟಾ’ ಮತ್ತು ಹಳಗನ್ನಡದ ‘ಕರಡೆ’ ಈ ಹೆಸರಿನ ಹಿಂದಿನ ರೂಪಗಳು.

‘ಮಜಲು’ ಎಂಬ ಮಾತು ನನಗೆ ಬಹಳ ಇಷ್ಟ. ಪ್ರಯಾಣದ ಒಂದು ಹಂತ, ತಂಗುವ ಜಾಗ ಎಂಬ ಅರ್ಥದ ಅರಬ್ಬಿ ‘ಮಂಜಿಲ್’ನಿಂದ ಕನ್ನಡಕ್ಕೆ ಬಂದದ್ದು. ವಾದ್ಯದ ಮಜಲೂ ಇದೇ ಮಾತು ಎಂಬುದು ನನ್ನ ಊಹೆ. ನಮ್ಮ ಮೆರವಣಿಗೆ ನಡೆಯುವ ರೀತಿಯೂ ಅದನ್ನೇ ಹೇಳುತ್ತದೆ. ದೇವರ ಪಲ್ಲಕ್ಕಿಯಾಗಲಿ ಮದುಮಗನ ಮೆರವಣಿಗೆಯಾಗಲಿ ಕವಾಯತಿನಂತೆ ಒಂದೇ ಸಮ ಹೋಗುವುದಿಲ್ಲ. ಅಗಸಿಯಲ್ಲಿ ನಿಲ್ಲುತ್ತದೆ, ಹನುಮಪ್ಪನ ಗುಡಿ ಮುಂದೆ ನಿಲ್ಲುತ್ತದೆ, ಗೌಡರ ವಾಡೆಯ ಮುಂದೆ ನಿಲ್ಲುತ್ತದೆ. ನಿಂತಲ್ಲಿ ವಾದ್ಯ ನಿಧಾನಕ್ಕೆ ಶುರುವಾಗಿ, ಏರಿ, ಮೈಮರೆತು, ಥಟ್ಟನೆ ಮುಗಿಯುತ್ತದೆ. ಆಮೇಲೆ ನಾಲ್ಕು ಹೆಜ್ಜೆ. ಬ್ರಿಟಿಷ್ ಡ್ರಮ್ಮು ಜನರನ್ನು ನಡೆಸುವುದಕ್ಕಿದ್ದರೆ ನಮ್ಮ ಹಲಗಿ ಜನರನ್ನು ನಿಲ್ಲಿಸುವುದಕ್ಕಿದೆ. ಎಲ್ಲಿ ನಿಲ್ಲಬೇಕು, ಯಾರ ಮನೆಯ ಮುಂದೆ ಎಷ್ಟು ಹೊತ್ತು ಬಾರಿಸಬೇಕು, ಯಾವ ಓಣಿಗೆ ಹೋಗಲೇಬಾರದು ಎಂಬುದೆಲ್ಲ ಊರಿನ ಮಾನಮರ್ಯಾದೆಯ ನಕ್ಷೆ. ಜಗಳಗಳು ಶುರುವಾಗುವುದೂ ಆ ನಿಲ್ದಾಣಗಳಲ್ಲೇ. ದಲಿತ ಮದುಮಗ ವಾದ್ಯದೊಡನೆ ಊರ ನಡುವಿನ ಬೀದಿಯಲ್ಲಿ ಹೊರಟಾಗ ಕಲ್ಲು ಬೀಳುವ ಸುದ್ದಿಗಳನ್ನು ಇವತ್ತಿಗೂ ದೇಶದ ಬೇರೆ ಬೇರೆ ಕಡೆಯಿಂದ ಓದುತ್ತೇವೆ. ಪಂಚಮಹಾಶಬ್ದದ ಹಕ್ಕು ಯಾರಿಗಿದೆ, ಯಾರಿಗಿಲ್ಲ ಎಂಬ ಹಳೆಯ ತಕರಾರೇ ಅದು.

ಈ ಎರಡು ದಾರಿಗಳು ಕೂಡಿದ್ದು ಮದುವೆಯ ಬ್ಯಾಂಡಿನಲ್ಲಿ. ಗ್ರೆಗರಿ ಬೂತ್ ಭಾರತದ ಮದುವೆ ಬ್ಯಾಂಡುಗಳ ಬಗ್ಗೆ 2005ರಲ್ಲಿ ತಂದ ‘ಬ್ರಾಸ್ ಬಾಜಾ’ ಎಂಬ ಪುಸ್ತಕ ಇದನ್ನು ವಿವರವಾಗಿ ತೋರಿಸುತ್ತದೆ. ಹಿತ್ತಾಳೆಯ ಕಹಳೆಗಳೂ ಡ್ರಮ್ಮುಗಳೂ ಸೇನೆಯಿಂದ ಬಂದವು, ಸಮವಸ್ತ್ರವೂ ಸೇನೆಯಿಂದ ಬಂತು. ಆದರೆ ಅವುಗಳನ್ನು ಎತ್ತಿಕೊಂಡವರು ಹಿಂದಿನಿಂದಲೂ ಮೆರವಣಿಗೆಯ ವಾದ್ಯ ನುಡಿಸುತ್ತಿದ್ದ ಕೆಳಜಾತಿಯ ಹಿಂದೂಗಳು ಮತ್ತು ಬಡ ಮುಸ್ಲಿಮರು. ನಮ್ಮ ಕಡೆ ಭಜಂತ್ರಿ ಎಂಬ ಅಡ್ಡಹೆಸರೇ ಸಾಕು, ಮನೆತನದ ಕಸುಬು ಗೊತ್ತಾಗಿಬಿಡುತ್ತದೆ. ಕೆಂಪು ಕೋಟು, ಭುಜದ ಮೇಲೆ ಜರಿಗೊಂಡೆ, ತಲೆಗೆ ಟೊಪ್ಪಿಗೆ. ನೋಡಲು ಕರ್ನಲ್ ಸಾಹೇಬ. ಊಟ ಕೊನೆಯ ಪಂಕ್ತಿಯಲ್ಲಿ, ಇಲ್ಲವೆ ಪೆಂಡಾಲಿನ ಹಿಂದೆ. ಬ್ಯಾಂಡಿನವರು ಹಾಡುಗಳನ್ನು ಕಹಳೆಯಲ್ಲಿ ಎಷ್ಟು ಬದಲಿಸಿದರೂ ತಾಳದ ಸಾಲಿನಲ್ಲಿ ಮಜಲಿನ ಬುದ್ಧಿ ಬಿಡಲಿಲ್ಲ. ಸೈಡ್ ಡ್ರಮ್ಮಿನ ಪಕ್ಕದಲ್ಲಿ ತಾಷಾ ಬಂದು ನಿಂತಿತು. ನಿಮಿಷಕ್ಕೆ 120 ಹೆಜ್ಜೆಯ ಲೆಕ್ಕ ಮದುಮಗನ ಗೆಳೆಯರು ಕುಣಿಯಲು ಶುರುಮಾಡಿದ ಕೂಡಲೇ ಗಾಳಿಗೆ ಹೋಗುತ್ತದೆ. ಈಗ ಆ ಬ್ಯಾಂಡುಗಳೂ ಕಡಿಮೆಯಾಗುತ್ತಿವೆ. ಟ್ರ್ಯಾಕ್ಟರಿನ ಮೇಲೆ ಪೆಟ್ಟಿಗೆ ಪೇರಿಸಿದ ಡಿಜೆ ಬಂದಿದೆ. ಅದರ ಬಗ್ಗೆ ಬರೆಯಲು ನನಗೆ ಉತ್ಸಾಹವಿಲ್ಲ.

ಬರೆಯಲೇಬೇಕಾದದ್ದು ಬೇರೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಢಕ್ಕೆಯ ಬೊಮ್ಮಣ್ಣ ಎಂಬ ವಚನಕಾರನಿದ್ದಾನೆ. ಢಕ್ಕೆ ಬಾರಿಸುವುದು ಅವನ ಕಾಯಕ. ಬಸವಣ್ಣನ ಐಕ್ಯಸ್ಥಳವಾದ ಕೂಡಲಸಂಗಮ ಇದೇ ಹುನಗುಂದ ತಾಲ್ಲೂಕಿನದು ಎಂಬುದರಿಂದಲೋ ಏನೋ, ಈ ಹೆಸರು ನನಗೆ ಹತ್ತಿರದ್ದು. ವಾದ್ಯ ಬಾರಿಸಿದವನು ತನ್ನ ಹೆಸರಿನಲ್ಲಿ, ತನ್ನ ಅಂಕಿತದಲ್ಲಿ ಮಾತಾಡಿದ ಅಪರೂಪದ ಗಳಿಗೆ ಅದು. ಆಮೇಲೆ ಬಹುಕಾಲ ಅಂಥದ್ದು ಕಾಣುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಂಬೇಡ್ಕರ್ ಅವರ ಮಾತು ಹಳ್ಳಿಗಳಿಗೆ ತಲುಪಿದಾಗ, ಬಿಟ್ಟಿ ಚಾಕರಿ ಬಿಡುವುದೆಂದರೆ ಹಲಗಿಯನ್ನೂ ಬಿಡುವುದು ಎಂದು ಅನೇಕರು ನಿರ್ಧರಿಸಿದರು. ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಮಾಡಿದ 1961ರ ಕಾಯ್ದೆ ಕಾಗದದ ಮೇಲೆ ಹಳೆಯ ಕಟ್ಟನ್ನು ಬಿಚ್ಚಿತು. ಹೆಣದ ಮುಂದೆ ಬಾರಿಸುವುದಿಲ್ಲ, ಜಾತ್ರೆಗೆ ಬಾರಿಸುವುದಿಲ್ಲ ಎಂದು ಹಲಗಿ ಕೆಳಗಿಟ್ಟವರ ನಿರ್ಧಾರವನ್ನು ‘ಕಲೆಯ ನಾಶ’ ಎಂದು ಹಲುಬುವ ಜಾನಪದ ಲೇಖನಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಕಲೆ ಉಳಿಯಬೇಕು ಎನ್ನುವ ಆ ಲೇಖಕರ ಮನೆಯ ಹುಡುಗರು ಯಾರೂ ಅದನ್ನು ಕಲಿತಿರುವುದಿಲ್ಲ.

ಆದರೆ ಕೆಳಗಿಡುವುದೊಂದೇ ದಾರಿಯಲ್ಲ ಎಂದವರೂ ಆ ಕೇರಿಗಳಲ್ಲೇ ಇದ್ದರು. ಅದೇ ಹಲಗಿಯನ್ನು, ಅದೇ ತಮಟೆಯನ್ನು ಮೆರವಣಿಗೆಯಿಂದ ಹೋರಾಟದ ಜಾಥಾಗೆ, ಜಾಥಾದಿಂದ ವೇದಿಕೆಗೆ ತಂದರು. ತಮಿಳುನಾಡಿನಲ್ಲಿ ಪರೈ ವಾದ್ಯಕ್ಕೂ ಹೀಗೆಯೇ ಆಯಿತು. 2023ರ ಪದ್ಮಶ್ರೀ ಪಟ್ಟಿಯಲ್ಲಿ ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ಹೆಸರಿತ್ತು. ತಮಟೆ ಕಲಾವಿದರು. ಪಂಚಮಹಾಶಬ್ದದ ಶಾಸನಗಳ ನಡುವೆ ವರ್ಷಗಟ್ಟಲೆ ಕೂತ ನನ್ನಂಥವರಿಗೆ ಆ ಸಾಲು ಓದುವಾಗ ಸ್ವಲ್ಪ ತಡೆಯುತ್ತದೆ: ಬಿರುದು ಈ ಸಲ ಬಾರಿಸಿದವರಿಗೇ ಬಂದಿದೆ. ಒಂದು ಬಿರುದಿನಿಂದ ಕೇರಿಯ ಬದುಕು ಬದಲಾಗದು ಎಂಬುದು ಬೇರೆ ಮಾತು, ಅದು ನಿಜವಾದ ಮಾತೂ ಹೌದು. ಬಾರಿಸಬೇಕೋ ಬಿಡಬೇಕೋ ಎಂಬ ಪ್ರಶ್ನೆಗೆ ಹೊರಗಿನವರು ಉತ್ತರ ಕೊಡುವುದು ತರವಲ್ಲ. ಬಾರಿಸು ಎಂದು ಯಾರೂ ಅಪ್ಪಣೆ ಕೊಡುವಂತಿರಬಾರದು, ಅಷ್ಟನ್ನು ಮಾತ್ರ ಎಲ್ಲರೂ ಹೇಳಬಹುದು.

ಬಾಗಲಕೋಟೆಯ ಹೋಳಿಯಲ್ಲಿ ಈ ಎಲ್ಲ ಲೆಕ್ಕ ಕೆಲವು ದಿನ ತಲೆಕೆಳಗಾಗುತ್ತದೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಒಂದು ಭಾಗವನ್ನು ನುಂಗಿ ನವನಗರ ಎದ್ದ ಮೇಲೂ ಹಳೆಯ ಪೇಟೆಗಳು ಹೋಳಿ ಬಿಟ್ಟಿಲ್ಲ. ಬಣ್ಣದ ಬಂಡಿಗಳು ಹೊರಡುವ ಮೊದಲೇ ಹಲಗಿ ಶುರುವಾಗಿರುತ್ತದೆ. ಆಗ ಅದನ್ನು ಬಾರಿಸಲು ಜಾತಿಯ ಕಟ್ಟಿಲ್ಲ. ಅಂಗಡಿಕಾರರು ಬಾರಿಸುತ್ತಾರೆ, ವಕೀಲರು ಬಾರಿಸುತ್ತಾರೆ, ಕಾಲೇಜು ಹುಡುಗರು ಕೈ ಬೊಬ್ಬೆಯೇಳುವ ತನಕ ಬಾರಿಸುತ್ತಾರೆ. ಚಿಕ್ಕ ಮಕ್ಕಳಿಗೆ ಅವರವರ ಅಳತೆಯ ಹಲಗಿ. ಒಂದು ಪೇಟೆಯ ಮಜಲಿಗೆ ಇನ್ನೊಂದು ಪೇಟೆಯ ಮಜಲು ಎದುರಾದಾಗ ಯಾರೂ ಬಿಟ್ಟುಕೊಡುವುದಿಲ್ಲ. ಕಾಮದಹನಕ್ಕೆ ದಲಿತರ ಮನೆಯಿಂದ ಬೆಂಕಿ ತರುವ ರೂಢಿಯೂ ಅಲ್ಲಿದೆ. ವರ್ಷವಿಡೀ ಮುಟ್ಟದ ವಾದ್ಯವನ್ನು, ವರ್ಷವಿಡೀ ಹೋಗದ ಮನೆಯ ಬೆಂಕಿಯನ್ನು ಆ ದಿನಗಳಲ್ಲಿ ಊರು ಕೇಳಿ ತರುತ್ತದೆ.

ಇತ್ತೀಚೆಗೆ ಹಲಗಿಗೆ ಚರ್ಮದ ಬದಲು ಫೈಬರ್ ಬಂದಿದೆ. ಕವಾಯತಿನ ಡ್ರಮ್ಮುಗಳಿಗೆ 1957ರ ಸುಮಾರಿಗೆ ಅಮೆರಿಕದಲ್ಲಿ ಪ್ಲಾಸ್ಟಿಕ್ ಮುಖ ಬಂದು, ಮಳೆಗೂ ಬಿಸಿಲಿಗೂ ಹೆದರಬೇಕಾದ್ದಿಲ್ಲ ಎಂದಾದ ಹಾಗೆಯೇ ಇದು. ದನಿ ಗಟ್ಟಿ, ಬೆಲೆ ಕಡಿಮೆ, ಚರ್ಮ ಹದಮಾಡುವವರ ಕೈ ಬೇಡ, ಹುಲ್ಲುಬೆಂಕಿಗೆ ಹಿಡಿದು ಕಾಯಿಸಬೇಕಾಗಿಲ್ಲ. ಚರ್ಮದ್ದನ್ನೇ ಹಿಡಿದವರು ಇನ್ನೂ ಇದ್ದಾರೆ. ಎರಡು ಸುತ್ತು ಬಾರಿಸಿ, ದನಿ ಇಳಿದಾಗ ಗುಂಪಿನಿಂದ ಸ್ವಲ್ಪ ಆಚೆ ಸರಿದು, ಬೀದಿಯ ಬದಿಯಲ್ಲಿ ಬೆಂಕಿ ಹಾಕಿ ಹಲಗಿ ಕಾಯಿಸುತ್ತ ಕೂರುತ್ತಾರೆ. ಅಷ್ಟರಲ್ಲಿ ಮಜಲು ಮುಂದಿನ ಓಣಿಗೆ ಹೋಗಿರುತ್ತದೆ.